ಟ್ರೈನರ್ ಆರಿಸುವ ಮೊದಲು ಸೈಕಲ್ಲಿನ ಹಿಂಚಕ್ರ ನೋಡಿ

ಮಾನ್ಯ ಸಂಪಾದಕರೇ,

ಮನೆಯೊಳಗೇ ಸೈಕಲ್ ತುಳಿಯಲು ನೆರವಾಗುವ ಟ್ರೈನರ್‌ಗಳ ಕುರಿತು ನಿಮ್ಮ ಆರೋಗ್ಯ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಮಳೆ, ಕತ್ತಲೆ, ವಾಹನ ದಟ್ಟಣೆ ಯಾವುದರ ಹಂಗೂ ಇಲ್ಲದೆ ವ್ಯಾಯಾಮ ಮಾಡಲು ಇದೊಂದು ಒಳ್ಳೆಯ ದಾರಿ ಎಂಬ ಮಾತಿಗೆ ನನ್ನ ಪೂರ್ಣ ಒಪ್ಪಿಗೆಯಿದೆ. ಆದರೆ ಲೇಖನದ ಜೊತೆಗಿದ್ದ ಕೋಷ್ಟಕವನ್ನು ನೋಡಿ ಸುಮ್ಮನಿರಲಾಗಲಿಲ್ಲ. ಗರಿಷ್ಠ ವಾಟ್ ಎಷ್ಟು, ಎಷ್ಟು ಕಡಿದಾದ ಏರನ್ನು ಅನುಕರಿಸುತ್ತದೆ, ಯಾವ ಆ್ಯಪ್‌ಗೆ ಹೊಂದುತ್ತದೆ ಎಂಬುದೆಲ್ಲ ಅದರಲ್ಲಿತ್ತು. ಓದುಗರ ಬಳಿ ಈಗಾಗಲೇ ಇರುವ ಸೈಕಲ್ ಆ ಯಂತ್ರದ ಮೇಲೆ ಕೂರುತ್ತದೆಯೇ ಎಂಬುದಕ್ಕೆ ಒಂದು ಸಾಲೂ ಇರಲಿಲ್ಲ.

ನಾನು ಸೈಕಲ್ ಮೆಕ್ಯಾನಿಕ್. ಟ್ರೈನರ್ ಕೊಂಡವರು ಪೆಟ್ಟಿಗೆ ಬಿಚ್ಚಿದ ಮೇಲೆ ನನ್ನ ಬಳಿಗೆ ಬರುತ್ತಾರೆ. ವಾಟ್ ಬಗ್ಗೆ ಅವರು ಕೇಳುವುದೇ ಅಪರೂಪ. ಸೈಕಲ್ ಕಚ್ಚಿಕೊಳ್ಳುತ್ತಿಲ್ಲ, ಗೇರ್ ಸರಿಯಾಗಿ ಬೀಳುತ್ತಿಲ್ಲ, ಕೆಳಮನೆಯವರು ಸದ್ದಿನ ಬಗ್ಗೆ ದೂರುತ್ತಿದ್ದಾರೆ: ಹೆಚ್ಚಿನವರ ಸಂಕಟ ಈ ಮೂರರಲ್ಲೇ ಮುಗಿಯುತ್ತದೆ. ಕೊಳ್ಳುವ ಮೊದಲೇ ಕೇಳಿದ್ದರೆ ಹತ್ತು ನಿಮಿಷದಲ್ಲಿ ಬಗೆಹರಿಯುವ ವಿಷಯಗಳಿವು. ಆದ್ದರಿಂದ ಈ ಪತ್ರ ಸ್ವಲ್ಪ ಉದ್ದವಾದರೂ ದಯವಿಟ್ಟು ಪ್ರಕಟಿಸಬೇಕೆಂದು ಕೋರುತ್ತೇನೆ.

ಟ್ರೈನರ್‌ಗಳಲ್ಲಿ ಮುಖ್ಯವಾಗಿ ಮೂರು ಬಗೆ. ಮೂರು ಉರುಳೆಗಳ ಮೇಲೆ ಸೈಕಲ್ಲನ್ನು ಬಿಡಿಯಾಗಿ ನಿಲ್ಲಿಸಿ, ಸಮತೋಲನ ಕಾಯ್ದುಕೊಂಡೇ ತುಳಿಯುವ ರೋಲರ್ ಒಂದು. ಹಿಂಚಕ್ರವನ್ನು ಹಾಗೆಯೇ ಇಟ್ಟುಕೊಂಡು, ಅದರ ಆ್ಯಕ್ಸಲ್ಲನ್ನು, ಅಂದರೆ ನಡುವಿನ ಅಚ್ಚನ್ನು, ಎರಡೂ ಕಡೆಯಿಂದ ಹಿಡಿದು, ಟೈರಿಗೆ ಒಂದು ಸಣ್ಣ ಉರುಳೆಯನ್ನು ಒತ್ತುವ ಬಗೆ ಇನ್ನೊಂದು. ಮೂರನೆಯದಕ್ಕೆ ಡೈರೆಕ್ಟ್ ಡ್ರೈವ್ ಎನ್ನುತ್ತಾರೆ. ಇದರಲ್ಲಿ ಹಿಂಚಕ್ರವನ್ನೇ ಬಿಚ್ಚಿ, ಯಂತ್ರದ ಮೇಲೆಯೇ ಇರುವ ಗೇರ್ ಗುಚ್ಛಕ್ಕೆ, ಅಂದರೆ ಕ್ಯಾಸೆಟ್‌ಗೆ, ಸೈಕಲ್ಲಿನ ಚೈನ್ ಹಾಕಬೇಕು. ಒಂದೇ ಸಮನೆ ತುಳಿಯುವುದನ್ನು ಕಲಿಸಲು ರೋಲರ್‌ನಷ್ಟು ಒಳ್ಳೆಯ ಗುರು ಇಲ್ಲ. ಆದರೆ ಹೊಸಬರು ಗೋಡೆಯ ಪಕ್ಕದಲ್ಲೋ ಬಾಗಿಲ ಚೌಕಟ್ಟಿನ ನಡುವೆಯೋ ಇಟ್ಟುಕೊಂಡು ಅಭ್ಯಾಸ ಮಾಡಬೇಕಾಗುತ್ತದೆ. ಹಾಗಾಗಿ ಉಳಿದೆರಡರ ಬಗ್ಗೆಯೇ ಹೇಳುತ್ತೇನೆ.

ಮೊದಲ ಕೆಲಸ, ನಿಮ್ಮ ಸೈಕಲ್ಲಿನ ಹಿಂಬದಿಗೆ ಕುಕ್ಕರುಗಾಲಲ್ಲಿ ಕುಳಿತು ಆ್ಯಕ್ಸಲ್ ಹೇಗಿದೆ ಎಂದು ನೋಡುವುದು. ಒಂದು ಬದಿಯಲ್ಲಿ ಮಡಚುವ ಸಣ್ಣ ಹಿಡಿ, ಇನ್ನೊಂದು ಬದಿಯಲ್ಲಿ ನಟ್ ಇದ್ದರೆ ಅದು ಕ್ವಿಕ್ ರಿಲೀಸ್. ಫ್ರೇಮಿನ ಎರಡು ತೋಳುಗಳ ನಡುವಿನ ಅಂತರ ಹಳೆಯ ರಸ್ತೆ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ 130 ಮಿಲಿಮೀಟರ್, ಗುಡ್ಡಗಾಡಿನ ಸೈಕಲ್ಲುಗಳಲ್ಲಿ 135. ಡಿಸ್ಕ್ ಬ್ರೇಕ್ ಇರುವ ಹೊಸ ಸೈಕಲ್ಲುಗಳಲ್ಲಿ 12 ಮಿಲಿಮೀಟರ್ ದಪ್ಪದ, ಫ್ರೇಮಿಗೇ ತಿರುಪಿ ಬಿಗಿಯುವ ಥ್ರೂ ಆ್ಯಕ್ಸಲ್ ಇರುತ್ತದೆ. ಅದರ ಅಗಲ 142 ಅಥವಾ 148. ಇನ್ನು ಎರಡೂ ಕಡೆ ಸ್ಪ್ಯಾನರ್‌ನಿಂದ ಬಿಚ್ಚುವ ನಟ್ ಇದ್ದರೆ ಅದು ಗಟ್ಟಿ ಆ್ಯಕ್ಸಲ್. ಈ ಮೂರೂ ಒಂದೇ ಹಿಡಿತಕ್ಕೆ ಸಿಗುವುದಿಲ್ಲ. ಟೈರಿಗೆ ಒತ್ತುವ ಟ್ರೈನರ್‌ಗಳ ಬಟ್ಟಲಿನಂಥ ಹಿಡಿಗಳನ್ನು ಕ್ವಿಕ್ ರಿಲೀಸ್‌ನ ತುದಿಗಳಿಗೆಂದು ರೂಪಿಸಿರುತ್ತಾರೆ. ಪೆಟ್ಟಿಗೆಯಲ್ಲಿ ಅದಕ್ಕೆಂದೇ ಒಂದು ಉಕ್ಕಿನ ಸ್ಕ್ಯೂವರ್, ಅಂದರೆ ಚಕ್ರದ ನಡುವೆ ತೂರಿಸಿ ಬಿಗಿಯುವ ಕಡ್ಡಿ, ಕೊಡುತ್ತಾರೆ. ಅದನ್ನು ಮೂಲೆಗೆಸೆದು ಸೈಕಲ್ಲಿನ ಹಗುರ ಅಲ್ಯೂಮಿನಿಯಂ ಸ್ಕ್ಯೂವರ್ ಮೇಲೆಯೇ ಬಿಗಿದರೆ ತುದಿ ಜಜ್ಜಿಹೋಗುತ್ತದೆ. ಥ್ರೂ ಆ್ಯಕ್ಸಲ್ ಇದ್ದವರು ಪ್ರತ್ಯೇಕ ಆ್ಯಕ್ಸಲ್ ಕೊಳ್ಳಬೇಕು. ಅದರ ಉದ್ದ ಮಾತ್ರವಲ್ಲ, ತಿರುಪಿನ ಎಳೆಗಳ ಅಂತರವೂ ಫ್ರೇಮಿಗೆ ಹೊಂದಬೇಕು. ಗಟ್ಟಿ ಆ್ಯಕ್ಸಲ್ಲಿಗೆ ಬೇರೆ ಆಕಾರದ ನಟ್ ಬೇಕು.

ಡೈರೆಕ್ಟ್ ಡ್ರೈವ್ ಬಗೆಯಲ್ಲಿ ಇನ್ನೊಂದು ತೊಡಕಿದೆ. ನಿಮ್ಮ ಸೈಕಲ್ಲಿನ ಹಿಂಬದಿಯಲ್ಲಿ ಎಷ್ಟು ಗೇರ್ ಹಲ್ಲುಚಕ್ರಗಳಿವೆಯೋ ಅಷ್ಟೇ ಇರುವ ಕ್ಯಾಸೆಟ್ ಯಂತ್ರದ ಮೇಲೂ ಇರಬೇಕು. 9 ಗೇರಿನ ಚೈನನ್ನು 12 ಗೇರಿನ ಕ್ಯಾಸೆಟ್ ಮೇಲೆ ಹಾಕಿದರೆ ಚೈನ್ ಕಟಕಟ ಎನ್ನುತ್ತಾ ಎಲ್ಲೂ ನೆಲೆಗೊಳ್ಳುವುದಿಲ್ಲ. ಎಷ್ಟೋ ಯಂತ್ರಗಳು ಕ್ಯಾಸೆಟ್ ಇಲ್ಲದೆಯೇ ಬರುತ್ತವೆ. ಅದನ್ನು ಕೂರಿಸುವ ಫ್ರೀಹಬ್ಬಿನಲ್ಲೂ ಬಗೆಗಳುಂಟು. ಶಿಮಾನೊ ಕಂಪನಿಯ ಹಳೆಯ ಬಗೆಯ ಮೇಲೆ ಕೂರುವ ಕ್ಯಾಸೆಟ್ ಅದರ ಹೊಸ ಬಗೆಯಾದ ಮೈಕ್ರೊಸ್ಪ್ಲೈನ್ ಮೇಲೆ ಕೂರುವುದಿಲ್ಲ, ಸ್ರ್ಯಾಮ್ ಕಂಪನಿಯ ಎಕ್ಸ್‌ಡಿಆರ್ ಬೇರೆಯೇ. 11 ಗೇರಿಗೆಂದು ಮಾಡಿದ ಫ್ರೀಹಬ್ ಮೇಲೆ 8 ಅಥವಾ 9 ಗೇರಿನ ಕ್ಯಾಸೆಟ್ ಹಾಕುವಾಗ ಹಿಂದೆ 1.85 ಮಿಲಿಮೀಟರ್ ದಪ್ಪದ ಒಂದು ಬಳೆ ಇಡಬೇಕು. ಆ ತೆಳುವಾದ ಬಳೆ ಪೆಟ್ಟಿಗೆಯ ತಳದಲ್ಲಿ, ಪ್ಲಾಸ್ಟಿಕ್ ಚೀಲದೊಳಗೆ ಅಂಟಿಕೊಂಡಿರುತ್ತದೆ. ಅದನ್ನು ಕಸಕ್ಕೆ ಹಾಕಿ, ಕ್ಯಾಸೆಟ್ ಅಲ್ಲಾಡುತ್ತಿದೆ ಎಂದು ಯಂತ್ರವನ್ನೇ ಹೊತ್ತು ತರುತ್ತಾರೆ. ಈಚೆಗೆ ಒಂದೇ ಹಲ್ಲುಚಕ್ರವಿಟ್ಟು, ಗೇರ್ ಬದಲಾವಣೆಯನ್ನು ಯಂತ್ರದ ಒಳಗಿನ ಪ್ರತಿರೋಧದಿಂದಲೇ ಮಾಡುವ ಮಾದರಿಗಳು ಬಂದಿವೆ. 8ರಿಂದ 12 ಗೇರಿನವರೆಗಿನ ಬೇರೆ ಬೇರೆ ಸೈಕಲ್ಲುಗಳಿರುವ ಮನೆಗೆ ಇವು ನಿಜವಾಗಿಯೂ ಉಪಕಾರಿ. 6 ಅಥವಾ 7 ಗೇರಿನ, ಒಟ್ಟಾರೆ ತಿರುಪಿ ಕೂರಿಸುವ ಹಳೆಯ ಫ್ರೀವ್ಹೀಲ್ ಇದ್ದವರಿಗೆ ನಾನು ಡೈರೆಕ್ಟ್ ಡ್ರೈವ್ ಬೇಡವೆಂದೇ ಹೇಳುತ್ತೇನೆ. ಟೈರಿಗೆ ಒತ್ತುವುದೇ ಅವರಿಗೆ ಸಲೀಸು.

ಕಾರ್ಬನ್ ಫ್ರೇಮ್ ಇದ್ದವರು ತಯಾರಕರ ವಾರಂಟಿ ಕಾಗದವನ್ನು ಒಮ್ಮೆ ಓದಬೇಕು. ಟ್ರೈನರ್ ಮೇಲೆ ಬಳಸಲು ಒಪ್ಪಿಗೆ ಇದೆಯೇ ಇಲ್ಲವೇ ಎಂಬುದು ಅಲ್ಲಿರುತ್ತದೆ.

ಇನ್ನು ಸದ್ದು. ಜಾಹೀರಾತಿನಲ್ಲಿ ಇಷ್ಟು ಡೆಸಿಬಲ್ ಎಂದು ಬರೆದಿರುವುದು ಗಾಳಿಯಲ್ಲಿ ಕೇಳುವ ಸದ್ದು. ಕೆಳಮನೆಯವರ ನಿದ್ದೆ ಕೆಡಿಸುವುದು ನೆಲದ ಮೂಲಕ ಇಳಿಯುವ ಕಂಪನ. ಇವೆರಡೂ ಬೇರೆ. ಬೆಲ್ಟಿನಿಂದ ಓಡುವ ಡೈರೆಕ್ಟ್ ಡ್ರೈವ್ ಯಂತ್ರಗಳು ಬಹಳ ಕಡಿಮೆ ಸದ್ದಿನವು ನಿಜ, ಆದರೆ ಪೆಡಲಿನ ಪ್ರತಿ ಒತ್ತಿಗೂ ನೆಲಕ್ಕೆ ಒಂದು ಗುದ್ದು ಬಿದ್ದೇ ಬೀಳುತ್ತದೆ. ದಪ್ಪ ರಬ್ಬರ್ ಚಾಪೆ ಬೇಕೇ ಬೇಕು. ಚಾಪೆ ಹಾಸಿ, ಮನೆಯವರೊಬ್ಬರನ್ನು ತುಳಿಯಲು ಕೂರಿಸಿ, ನೀವು ಕೆಳಮಹಡಿಗೆ ಇಳಿದು ಅಲ್ಲಿನ ಕೋಣೆಯಲ್ಲಿ ನಿಂತು ಕೇಳಿ. ಅವರು ದೂರುವ ಮೊದಲೇ ನೀವೇ ಹೋಗಿ ವಿಚಾರಿಸಿದರೆ ಸಮಯ ಹೊಂದಿಸಿಕೊಳ್ಳುವುದೂ ಸುಲಭವಾಗುತ್ತದೆ. ಟೈರಿಗೆ ಒತ್ತುವ ಬಗೆಯಲ್ಲಿ ಟೈರ್ ನುಣುಪಾಗಿರಬೇಕು. ಮುಳ್ಳುಮುಳ್ಳಿನ ಗುಡ್ಡಗಾಡು ಟೈರ್ ಹಾಕಿ ತುಳಿದರೆ ಕೋಣೆಯಿಡೀ ಗುಂಯ್‌ಗುಡುತ್ತದೆ, ಚಕ್ರದ ಹಿಂದೆ ನೆಲದ ಮೇಲೆ ರಬ್ಬರಿನ ಕಪ್ಪು ಪುಡಿ ಬೀಳುತ್ತದೆ. ಟ್ರೈನರ್‌ಗೆಂದೇ ಮಾಡಿದ ಗಡುಸು ಟೈರ್ ಸಿಗುತ್ತದೆ. ಅದನ್ನು ಹಾಕಿಕೊಂಡು ರಸ್ತೆಗೆ ಇಳಿಯಲೇಬಾರದು, ಅದಕ್ಕೆ ರಸ್ತೆಯ ಹಿಡಿತ ಸಾಲದು.

ಪ್ರತಿರೋಧ ಹುಟ್ಟಿಸುವ ಬಗೆಯ ಮೇಲೂ ಸದ್ದು ನಿಂತಿದೆ. ಫ್ಯಾನಿನ ರೆಕ್ಕೆಯಿಂದ ಗಾಳಿ ತಳ್ಳುವ ಹಳೆಯ ಬಗೆ ಎಲ್ಲಕ್ಕಿಂತ ಗದ್ದಲದ್ದು. ಅಯಸ್ಕಾಂತದ ಬಗೆಯಲ್ಲಿ ಹ್ಯಾಂಡಲ್‌ಗೆ ಕಟ್ಟಿದ ಸನ್ನೆಯಿಂದ ಬಿಗಿ ಹೆಚ್ಚು ಕಡಿಮೆ ಮಾಡಬೇಕು. ದ್ರವದ ಬಗೆಯಲ್ಲಿ ಸನ್ನೆಯೇ ಇಲ್ಲ. ಒಳಗಿನ ದಪ್ಪ ದ್ರವದಲ್ಲಿ ಬಿಲ್ಲೆ ತಿರುಗುವುದರಿಂದ ವೇಗ ಹೆಚ್ಚಿದಂತೆ ಬಿಗಿಯೂ ತಾನಾಗಿ ಏರುತ್ತದೆ, ಕಾಲಿಗೆ ರಸ್ತೆಯ ಅನುಭವಕ್ಕೆ ಹತ್ತಿರ ಎನಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ವಯಸ್ಕರಿಗೆ ವಾರಕ್ಕೆ ಕನಿಷ್ಠ 150ರಿಂದ 300 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ ಬೇಕೆಂದಿದೆ. ಇಷ್ಟೇ ಗುರಿಯಾಗಿದ್ದರೆ ವಿದ್ಯುತ್ತಿನ ತಂತಿಯೂ ಬೇಡದ, ಆ್ಯಪ್ ಕೂಡ ಬೇಡದ ಒಂದು ದ್ರವದ ಟ್ರೈನರ್ ವರ್ಷಗಟ್ಟಲೆ ಸಾಕಾಗುತ್ತದೆ. ಇದನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಇದನ್ನು ಹೇಳುವ ಜಾಹೀರಾತು ನನ್ನ ಕಣ್ಣಿಗೆ ಬಿದ್ದಿಲ್ಲ.

ಲೇಖನದಲ್ಲಿ ಮೆಚ್ಚುಗೆಯಿಂದ ಬರೆದಿದ್ದ ಗರಿಷ್ಠ 2000 ವಾಟ್ ಸಂಗತಿಗೆ ಬರುತ್ತೇನೆ. ಅಷ್ಟು ಶಕ್ತಿ ಹೊಮ್ಮಿಸುವುದು ವಿಶ್ವ ಮಟ್ಟದ ಟ್ರ್ಯಾಕ್ ಸ್ಪರ್ಧಿಗಳು, ಅದೂ ಕೆಲವೇ ಸೆಕೆಂಡುಗಳ ಕಾಲ. ವ್ಯಾಯಾಮಕ್ಕೆಂದು ತುಳಿಯುವ ಆರೋಗ್ಯವಂತ ವಯಸ್ಕರು ಹೆಚ್ಚಾಗಿ 100ರಿಂದ 200 ವಾಟ್ ನಡುವೆಯೇ ಇರುತ್ತಾರೆ. ಕಾಲಿಗೆ ದಿನವೂ ತಿಳಿಯುವುದು ಯಂತ್ರದಲ್ಲಿ ತಿರುಗುವ ಗಾಲಿ, ಅಂದರೆ ಫ್ಲೈವ್ಹೀಲ್, ಎಷ್ಟು ಭಾರವಿದೆ ಎಂಬುದು. ಭಾರವಾದ ಗಾಲಿ ತನ್ನ ಓಟವನ್ನು ಉಳಿಸಿಕೊಳ್ಳುವುದರಿಂದ ಪೆಡಲ್ ಮೇಲ್ತುದಿ ದಾಟುವಾಗ ಜಗ್ಗುವುದಿಲ್ಲ. ಹಗುರವಾದರೆ ಪ್ರತಿ ಸುತ್ತಿನಲ್ಲೂ ಕಾಲು ತಡೆದು ತಡೆದು ಹೋಗುತ್ತದೆ. ಕೋಷ್ಟಕದಲ್ಲಿ ಆ ತೂಕವನ್ನು ಹಾಕಬೇಕಿತ್ತು.

ವಾಟ್ ಅಳೆಯುವ ನಿಖರತೆಯ ವಿಷಯವೂ ಹೀಗೆಯೇ. ಶೇ 2ರಷ್ಟು ಆಚೀಚೆ ಎಂದರೆ 200 ವಾಟ್‌ಗೆ 4 ವಾಟ್ ವ್ಯತ್ಯಾಸ, ಮನೆಯ ವ್ಯಾಯಾಮಕ್ಕೆ ಅದು ಲೆಕ್ಕಕ್ಕಿಲ್ಲ. ಇಂದು ತೋರಿಸಿದ್ದನ್ನೇ ಮುಂದಿನ ತಿಂಗಳೂ ತೋರಿಸಬೇಕು, ಅದು ಮುಖ್ಯ. ಟೈರಿಗೆ ಒತ್ತುವ ಬಗೆಯಲ್ಲಿ ಅದಕ್ಕಾಗಿ ಪ್ರತಿ ಸಲವೂ ಟೈರಿನ ಗಾಳಿ ಮತ್ತು ಉರುಳೆಯ ಒತ್ತು ಒಂದೇ ಇರಬೇಕು. ಹತ್ತು ನಿಮಿಷ ತುಳಿದು ಬಿಸಿಯಾದ ಮೇಲೆ ಕ್ಯಾಲಿಬ್ರೇಷನ್, ಅಂದರೆ ಅಳತೆ ಸರಿಪಡಿಸುವ ಕೆಲಸ, ಮಾಡಬೇಕು. ಆ್ಯಪ್‌ನಿಂದ ನಡೆಯುವ ಸ್ಮಾರ್ಟ್ ಟ್ರೈನರ್ ಬೇಕೆನ್ನುವವರು ಅದು ಎಫ್‌ಟಿಎಂಎಸ್ ಎಂಬ ಬ್ಲೂಟೂತ್ ಮಾನಕವನ್ನು ಪಾಲಿಸುತ್ತದೆಯೇ ಎಂದು ಕೇಳಲಿ. ಪಾಲಿಸಿದರೆ ಒಂದೇ ಕಂಪನಿಯ ಆ್ಯಪ್‌ಗೆ ಕಟ್ಟುಬಿದ್ದಿರಬೇಕಿಲ್ಲ. ಆ್ಯಪ್‌ನ ತಿಂಗಳ ಚಂದಾ ಟ್ರೈನರ್ ಬೆಲೆಯಲ್ಲಿ ಸೇರಿರುವುದಿಲ್ಲ ಎಂಬುದನ್ನೂ ನೆನಪಿಡಬೇಕು. ಆ್ಯಪ್‌ಗಳನ್ನು ನಾನು ಹಳಿಯುತ್ತಿಲ್ಲ. 2020ರಲ್ಲಿ ಅಂತರರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆಯ ಮೊದಲ ಇ-ಸ್ಪೋರ್ಟ್ಸ್ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದೇ ಜ್ವಿಫ್ಟ್ ಎಂಬ ಆ್ಯಪ್‌ನಲ್ಲಿ. ಪುರುಷರ ವಿಭಾಗದಲ್ಲಿ ಗೆದ್ದದ್ದು ಜರ್ಮನಿಯ ಒಬ್ಬ ದೋಣಿ ಸ್ಪರ್ಧಿ, ಜೇಸನ್ ಓಸ್ಬಾರ್ನ್. ಪೈಪೋಟಿಯಿಂದ ಹುಮ್ಮಸ್ಸು ಬರುವವರಿಗೆ ಅದು ಖಂಡಿತ ಬೇಕು.

ಯಾವ ಬಗೆಯನ್ನು ಕೊಂಡರೂ ಅದರ ಜೊತೆಗೆ ಒಂದು ಜೋರಾದ ಫ್ಯಾನ್ ಇರಲೇಬೇಕು. ನಾವು ವ್ಯಯಿಸುವ ಶಕ್ತಿಯಲ್ಲಿ ಹೆಚ್ಚೆಂದರೆ ಕಾಲು ಭಾಗ ಪೆಡಲಿಗೆ ತಲುಪುತ್ತದೆ, ಉಳಿದದ್ದು ಶಾಖ. 150 ವಾಟ್ ತುಳಿಯುವವರ ದೇಹದಲ್ಲಿ ಕನಿಷ್ಠ 450 ವಾಟ್ ಶಾಖ ಹುಟ್ಟುತ್ತಿರುತ್ತದೆ. ರಸ್ತೆಯಲ್ಲಿ ಎದುರುಗಾಳಿ ಅದನ್ನು ಒಯ್ಯುತ್ತದೆ, ಕೋಣೆಯಲ್ಲಿ ಒಯ್ಯುವವರಿಲ್ಲ. ಬೆವರು ಧಾರೆಯಾಗಿ ಸೈಕಲ್ಲಿನ ಮೇಲೆಯೇ ಸುರಿಯುತ್ತದೆ. ಅದು ಏನು ಮಾಡುತ್ತದೆ ಎಂಬುದು ನನಗೆ ಹ್ಯಾಂಡಲ್ ಟೇಪ್ ಬಿಚ್ಚುವಾಗ ಕಾಣುತ್ತದೆ. ಹೊರಗೆ ಎಲ್ಲವೂ ಚೆನ್ನಾಗಿರುತ್ತದೆ. ಟೇಪ್ ಸುತ್ತು ಸುತ್ತಾಗಿ ಬಿಚ್ಚಿಕೊಂಡು ಬಂದಂತೆ ಒಳಗಿನಿಂದ ಬಿಳಿಯ ಪುಡಿ ಉದುರುತ್ತದೆ. ಬ್ರೇಕ್ ಹಿಡಿಯ ಪಟ್ಟಿಯ ಕೆಳಗೆ ಅಲ್ಯೂಮಿನಿಯಂ ಗುಳಿಗುಳಿಯಾಗಿರುತ್ತದೆ, ಉಗುರಿನಿಂದ ಕೆರೆದರೆ ಹಕ್ಕಳೆ ಏಳುತ್ತದೆ. ಅಂಥ ಹ್ಯಾಂಡಲ್ ಇಳಿಜಾರಿನಲ್ಲಿ ಮುರಿದರೆ ಏನಾದೀತೆಂದು ನೆನೆದರೆ ನನ್ನ ಕೈ ನಡುಗುತ್ತದೆ. ಅಂಥದ್ದನ್ನು ಮತ್ತೆ ಟೇಪ್ ಸುತ್ತಿ ಕೊಡಲು ನಾನು ಒಪ್ಪುವುದಿಲ್ಲ, ಗಿರಾಕಿ ಎಷ್ಟೇ ಬೇಸರಿಸಿಕೊಂಡರೂ ಸರಿ. ಹ್ಯಾಂಡಲ್ ಮೇಲೆ ಟವೆಲ್ ಹಾಕಿ, ಮುಗಿದ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿ, ಆಗಾಗ ಟೇಪ್ ಬಿಚ್ಚಿಸಿ ನೋಡಿ.

ಹೈಡ್ರಾಲಿಕ್ ಡಿಸ್ಕ್ ಬ್ರೇಕ್ ಇದ್ದವರು ಹಿಂಚಕ್ರ ಬಿಚ್ಚಿಟ್ಟಾಗ ಬ್ರೇಕ್ ಹಿಡಿ ಒತ್ತಬಾರದು. ಒತ್ತಿದರೆ ಪ್ಯಾಡ್‌ಗಳು ಒಂದಕ್ಕೊಂದು ಅಂಟಿಕೊಂಡು, ಮತ್ತೆ ಚಕ್ರ ಹಾಕುವಾಗ ಡಿಸ್ಕ್ ಒಳಹೋಗುವುದಿಲ್ಲ. ನಡುವೆ ಇಡಲು ಒಂದು ಪ್ಲಾಸ್ಟಿಕ್ ತುಂಡು ಇರುತ್ತದೆ, ಅದನ್ನು ಇಟ್ಟುಬಿಡಿ.

ಮನೆಯಲ್ಲಿ ಸೈಕಲ್ಲೇ ಇಲ್ಲದವರು, ಅಥವಾ ಎತ್ತರದಲ್ಲಿ ಬಹಳ ಅಂತರವಿರುವ ಇಬ್ಬರು ಮೂವರು ಬಳಸುವುದಾದರೆ, ಟ್ರೈನರ್‌ಗಿಂತ ಸೀಟು ಮತ್ತು ಹ್ಯಾಂಡಲ್ಲನ್ನು ಸಲೀಸಾಗಿ ಹೊಂದಿಸಬಹುದಾದ ಸ್ಪಿನ್ ಬೈಕ್, ಅಂದರೆ ನಿಂತಲ್ಲೇ ತುಳಿಯುವ ವ್ಯಾಯಾಮದ ಸೈಕಲ್, ಒಳ್ಳೆಯದು. ಜಾಗವನ್ನು ಅದು ಕಾಯಂ ಆಗಿ ಹಿಡಿಯುತ್ತದೆ. ಹಲವು ಸ್ಪಿನ್ ಬೈಕ್‌ಗಳಲ್ಲಿ ಕಾಲು ನಿಲ್ಲಿಸಿದರೂ ಪೆಡಲ್ ತಿರುಗುತ್ತಲೇ ಇರುತ್ತದೆ, ಅದನ್ನು ತಡೆಯುವ ಗುಂಡಿ ಎಲ್ಲಿದೆ ಎಂದು ಮೊದಲೇ ತಿಳಿದುಕೊಂಡಿರಬೇಕು. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಟ್ರೈನರ್ ಆಗಲಿ ಸ್ಪಿನ್ ಬೈಕ್ ಆಗಲಿ, ತುಳಿಯುವಾಗ ಕೋಣೆಯ ಬಾಗಿಲು ಹಾಕಿಕೊಳ್ಳಿ. ತಿರುಗುವ ಚಕ್ರ ಮತ್ತು ಚೈನಿನ ನಡುವೆ ಪುಟ್ಟ ಬೆರಳು ಹೋಗಲು ಕ್ಷಣ ಸಾಕು.

ಸಂಪಾದಕರೇ, ಮುಂದಿನ ಸಲ ನಿಮ್ಮಲ್ಲಿ ಟ್ರೈನರ್‌ಗಳ ಹೋಲಿಕೆ ಬರುವಾಗ ಕೋಷ್ಟಕದಲ್ಲಿ ಆ್ಯಕ್ಸಲ್ ಬಗೆ ಮತ್ತು ಅಗಲ, ಫ್ರೀಹಬ್ ಬಗೆ, ಕ್ಯಾಸೆಟ್ ಜೊತೆಗಿದೆಯೇ, ಫ್ಲೈವ್ಹೀಲ್ ತೂಕ, ವಿದ್ಯುತ್ ಸಂಪರ್ಕ ಬೇಕೇ, ಆ್ಯಪ್ ಚಂದಾ ಎಷ್ಟು ಎಂಬ ಅಂಕಣಗಳನ್ನು ದಯವಿಟ್ಟು ಸೇರಿಸಿ. ಮಾರಾಟಗಾರರೂ ಇವನ್ನು ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಮುದ್ರಿಸಬೇಕು. ಅಳತೆ ತೆಗೆಯುವ ಕೆಲಸಕ್ಕೆ ಯಾರಾದರೂ ಬೇಕಿದ್ದರೆ ನಾನು ಬಿಟ್ಟಿಯಾಗಿ ಮಾಡಿಕೊಡುತ್ತೇನೆ, ವರ್ನಿಯರ್ ಕ್ಯಾಲಿಪರ್ ನನ್ನ ಬಳಿಯೇ ಇದೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಸೈಕಲ್ ಮೆಕ್ಯಾನಿಕ್