ಹೆಸರು ಹೇಳದೆ ಹೋದ ಮೆಕ್ಯಾನಿಕ್ ಅಣ್ಣನಿಗೆ ಧನ್ಯವಾದ

ತಪಾಸಣೆಗೆ ಮುನ್ನ ನಮ್ಮ ಹಳೇ ಕಾರಿನ ಬ್ರೇಕ್ ನೋಡಿಕೊಟ್ಟ ಅಣ್ಣನಿಗೆ ಮನಸಾರೆ ಧನ್ಯವಾದ. ಮುಂದಿನ ಎಡಚಕ್ರ ಬಿಸಿಯಾಗುತ್ತಿತ್ತು. ಬ್ರೇಕ್ ಲೈನರ್ (ಚಕ್ರವನ್ನು ಉಜ್ಜಿ ನಿಲ್ಲಿಸುವ ಪಟ್ಟಿ) ಬದಲಿಸಿ ಎಂದು ಸುಮ್ಮನೆ ಹೇಳದೆ, ಜಾಕ್ ಹಾಕಿ, ಸ್ಟ್ಯಾಂಡ್ ಕೊಟ್ಟು, ಪೆಡಲ್ ಒತ್ತಿ ಬಿಡಿಸಿ ಚಕ್ರ ತಿರುಗಿಸಿದರು. ಬಿಗಿ! ಬ್ಲೀಡ್ ನಿಪ್ಪಲ್ (ಬ್ರೇಕ್ ಆಯಿಲ್ ಹೊರಬಿಡುವ ಸಣ್ಣ ತಿರುಪು) ಸಡಿಲಿಸಿದ ತಕ್ಷಣ ಆಯಿಲ್ ಚಿಮ್ಮಿ ಚಕ್ರ ಸಲೀಸಾಯಿತು. ಆಯಿಲ್ ಒತ್ತಡದಿಂದ ಲೈನರ್ ಒತ್ತುವ ಚಕ್ರದ ಸಿಲಿಂಡರ್ ಜಾಮ್ ಆಗಿದ್ದರೆ ಹೀಗೆ ಬಿಡುತ್ತಿರಲಿಲ್ಲ. ನಿಜವಾದ ಕಾರಣ ಬೇರೆ: ಚಕ್ರಕ್ಕೆ ಆಯಿಲ್ ಒಯ್ಯುವ ರಬ್ಬರ್ ಹೋಸ್ ಒಳಗೇ ಊದಿಕೊಂಡು ಆಯಿಲ್ ವಾಪಸ್ ಬರದಂತೆ ತಡೆದಿತ್ತು. ಹೊರಗಿನಿಂದ ನೋಡಿದರೆ ಇದು ಗೊತ್ತೇ ಆಗುವುದಿಲ್ಲ. ಮುಂದಿನ ಎರಡೂ ಹೋಸ್ ಬದಲಿಸಿ, ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ತುಂಬಿ, ಗುಳ್ಳೆ ನಿಲ್ಲುವವರೆಗೂ ಬ್ಲೀಡಿಂಗ್ (ಒಳಗಿನ ಗಾಳಿ ತೆಗೆಯುವುದು) ಮಾಡಿದರು. ಡಾಟ್ 5 ಸಿಲಿಕಾನ್‌ನದು, ಇದರ ಜೊತೆ ಬೆರೆಸಲೇಬಾರದು ಎಂದೂ ಎಚ್ಚರಿಸಿದರು. ಹಿಂದಿನ ಲೈಟು ಮಂಕಾಗಿದ್ದಕ್ಕೆ ಬಲ್ಬು ಕಾರಣವಲ್ಲ, ಅರ್ಥಿಂಗ್ ಜಾಗದ (ಲೈಟಿನ ತಂತಿ ಕಾರಿನ ಬಾಡಿಗೆ ತಗಲುವ ಕಡೆ) ತುಕ್ಕು. ಅದನ್ನೂ ಉಜ್ಜಿ ತೆಗೆದುಕೊಟ್ಟರು.