ಮೂಕಿ ಮೇಲೇಳದ ಹಾಗೆ

ರಾಟರ್‌ಡ್ಯಾಮ್, ನೆದರ್ಲೆಂಡ್ಸ್
ಅಕ್ಟೋಬರ್, ಭಾನುವಾರ ರಾತ್ರಿ

ತೀರ್ಥರೂಪರಾದ ಅಪ್ಪಾಜಿಯವರ ಮತ್ತು ಅವ್ವನ ಪಾದಗಳಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ನಾನಿಲ್ಲಿ ಕ್ಷೇಮ. ಪಾಂಡವಪುರದ ಮನೆಯಲ್ಲಿ ನೀವೆಲ್ಲರೂ ಕ್ಷೇಮವೆಂದು ನಂಬಿದ್ದೇನೆ.

ವಿಂಡ್‌ಸರ್ಫಿಂಗ್, ಅಂದರೆ ಹಾಯಿ ಕಟ್ಟಿದ ಹಲಗೆಯ ಮೇಲೆ ನಿಂತು ಗಾಳಿಯ ಬಲದಿಂದ ನೀರಿನ ಮೇಲೆ ಓಡುವ ಆಟ, ಆಡುವಾಗ ಪಕ್ಕೆಗೆ ಪೆಟ್ಟಾದ ವಿಷಯವನ್ನು ನಾನು ಮುಚ್ಚಿಟ್ಟದ್ದು ತಪ್ಪು. ತಮ್ಮ ಬಾಯಿ ತಪ್ಪಿ ಹೇಳಿದ್ದಕ್ಕೆ ಅವನನ್ನು ಬೈಯಬೇಡಿ; ಹೇಳಬೇಡವೆಂದು ಅವನಿಂದ ಭಾಷೆ ತೆಗೆದುಕೊಂಡವಳು ನಾನೇ. ಮೂಳೆ ಮುರಿದಿಲ್ಲ, ಜಜ್ಜಿದ ನೋವು ಮೂರು ವಾರ ಇತ್ತು, ಈಗ ಕೆಮ್ಮಿದರೂ ನೋಯುವುದಿಲ್ಲ. ಅವ್ವ ಫೋನಿನಲ್ಲಿ ಅತ್ತಳು, ನೀವು ಒಂದು ಮಾತನ್ನೂ ಆಡದೆ ಫೋನನ್ನು ತಮ್ಮನ ಕೈಗೆ ಕೊಟ್ಟಿರಿ. ಆಮೇಲೆ ನೀವು, "ಗಾಳಿಗೆ ಊರವರೆಲ್ಲ ಬಾಗಿಲು ಹಾಕಿಕೊಂಡು ಕೂತಿರುವಾಗ ಇವಳಿಗೆ ನೀರಿನ ಮೇಲೆ ಏನು ಕೆಲಸ?" ಎಂದು ಅವನನ್ನು ಕೇಳಿದಿರಂತೆ. ಆ ಪ್ರಶ್ನೆಗೆ ಫೋನಿನಲ್ಲಿ ಉತ್ತರ ಹೇಳಲು ನನಗೆ ಬರುವುದಿಲ್ಲವಾದ್ದರಿಂದ ಈ ಪತ್ರ.

ನಾನು ಹೋಗುವ ಜಾಗ ಇಲ್ಲಿಂದ ಕಾರಿನಲ್ಲಿ ಒಂದು ಗಂಟೆಯ ದಾರಿ. ಅದೂ ಒಂದು ಕಟ್ಟೆಯೇ. 1953ರಲ್ಲಿ ಸಮುದ್ರ ಉಕ್ಕಿ ಈ ದೇಶದ ನೈಋತ್ಯ ಭಾಗದಲ್ಲಿ 1,800ಕ್ಕೂ ಹೆಚ್ಚು ಜನ ಸತ್ತ ಮೇಲೆ ಸರ್ಕಾರ ಕಡಲ ಬಾಯಿಗಳನ್ನು ಒಂದೊಂದಾಗಿ ಮುಚ್ಚುತ್ತ ಬಂತು; ಅವುಗಳಲ್ಲೊಂದು 1971ರಲ್ಲಿ ಮುಗಿದ ಬ್ರೌವರ್ಸ್‌ಡ್ಯಾಮ್. ನಮ್ಮ ಕನ್ನಂಬಾಡಿ ಕಟ್ಟೆ ನದಿಯ ನೀರನ್ನು ಹಿಡಿದಿಟ್ಟುಕೊಂಡರೆ ಇದು ಸಮುದ್ರವನ್ನು ಹೊರಗೆ ನಿಲ್ಲಿಸುತ್ತದೆ. ಕಟ್ಟೆಯ ಒಂದು ಮಗ್ಗುಲಿಗೆ ಉತ್ತರ ಸಮುದ್ರ, ಇನ್ನೊಂದು ಮಗ್ಗುಲಿಗೆ ಗ್ರೆವೆಲಿಂಗೆನ್ ಎಂಬ ಉಪ್ಪುನೀರಿನ ದೊಡ್ಡ ಕೆರೆ. ಹೊಸ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ಗುಡಿಯ ಬಳಿ ನಿಂತು ಹಿನ್ನೀರನ್ನು ನೋಡಿದರೆ ಕಣ್ಣಿಗೆ ಎಷ್ಟು ದೂರ ನೀರು ಕಾಣುತ್ತದೆಯೋ ಇಲ್ಲಿಯೂ ಹೆಚ್ಚುಕಡಿಮೆ ಅಷ್ಟೇ. ಕೆರೆಯಲ್ಲಿ ಭರತ ಇಳಿತಗಳ ಸೆಳೆತವಿಲ್ಲ. ನಾನು ಆಡುವುದು ಈ ಕೆರೆಯಲ್ಲಿ, ಆಚೆಯ ಸಮುದ್ರದಲ್ಲಲ್ಲ. ಇದನ್ನು ಅವ್ವನಿಗೆ ದಯವಿಟ್ಟು ಎರಡು ಸಲ ಓದಿ ಹೇಳಿ.

ವಿಡಿಯೋದಲ್ಲಿ ನೀವು ಕಂಡ ಸಾಧನ ಬಹಳ ಸರಳವಾದದ್ದು. ಒಂದು ಹಲಗೆ, ಅದರ ಮೇಲೆ ಹಾಯಿ ಕಟ್ಟಿದ ಒಂದು ಕಂಬ, ಹಿಡಿದುಕೊಳ್ಳಲು ಬೂಮ್ ಎಂಬ ಅಡ್ಡ ಹಿಡಿ, ಹಲಗೆಯ ಅಡಿಯಲ್ಲಿ ಹಿಂದಕ್ಕೆ ಮೀನಿನ ಈಜುರೆಕ್ಕೆಯಂಥ ಫಿನ್. ದೋಣಿಯ ಕಂಬ ನೆಟ್ಟಗೆ ನಿಂತಿರುತ್ತದೆ, ಇದರದ್ದು ಬುಡದಲ್ಲಿ ಕೀಲಿನ ಮೇಲೆ ಎತ್ತ ಬೇಕಾದರೂ ವಾಲುತ್ತದೆ. 1960ರ ದಶಕದ ಕೊನೆಯಲ್ಲಿ ಅಮೆರಿಕದ ಜಿಮ್ ಡ್ರೇಕ್ ಮತ್ತು ಹಾಯ್ಲ್ ಶ್ವೈಟ್ಜರ್ ಇದರ ಪೇಟೆಂಟಿಗೆ ಅರ್ಜಿ ಹಾಕಿದರು, 1984ರಲ್ಲಿ ಒಲಿಂಪಿಕ್ಸಿಗೂ ಬಂತು. ಚುಕ್ಕಾಣಿ ಎಂಬುದೇ ಇಲ್ಲ. ಹಾಯಿಯನ್ನು ಮುಂದಕ್ಕೆ ವಾಲಿಸಿದರೆ ಹಲಗೆ ಗಾಳಿ ಹೋಗುವ ದಿಕ್ಕಿಗೆ ತಿರುಗುತ್ತದೆ, ಹಿಂದಕ್ಕೆ ವಾಲಿಸಿದರೆ ಗಾಳಿಯ ಎದುರಿಗೆ. ವೇಗ ಹಿಡಿದ ಮೇಲೆ ಪಾದದ ಒತ್ತಡದಿಂದಲೇ ತಿರುಗಿಸುತ್ತೇವೆ. ಒಂದು ಮಿತಿ ದಾಟಿದ ಮೇಲೆ ಹಲಗೆ ನೀರನ್ನು ಸೀಳುವುದನ್ನು ಬಿಟ್ಟು, ನಾವು ಕೆರೆಯಲ್ಲಿ ಚಪ್ಪಟೆ ಕಲ್ಲು ಎಸೆದಾಗ ಅದು ತೇಲಿಕೊಂಡು ಹಾರುವಂತೆ, ನೀರಿನ ಮೈ ಮೇಲೆಯೇ ಜಾರುತ್ತದೆ.

ಈಗ ಗಾಳಿಯ ವಿಷಯ. ನಮ್ಮಲ್ಲಿ ರಾಗಿ ತೂರುವಾಗ ಗಾಳಿ ಬಿದ್ದುಹೋದರೆ ನೀವು ಕಣದಲ್ಲಿ ಮೊರ ಹಿಡಿದು ಸುಮ್ಮನೆ ಕಾಯುತ್ತಿದ್ದಿರಿ. ನಾವೂ ಹಾಗೆಯೇ ವಾರವಿಡೀ ಹವಾಮಾನ ನೋಡುತ್ತ ಕಾಯುತ್ತೇವೆ. ಸಾಮಾನ್ಯ ದಿನದ ಗಾಳಿ 15 ನಾಟ್ ಎಂದಿಟ್ಟುಕೊಳ್ಳಿ, ಅಂದರೆ ಗಂಟೆಗೆ ಸುಮಾರು 28 ಕಿಲೋಮೀಟರ್. ಅದು 30 ನಾಟ್ ಆದರೆ ಹಾಯಿಯ ಮೇಲಿನ ಒತ್ತಡ ಎರಡು ಪಟ್ಟಾಗುವುದಿಲ್ಲ, ನಾಲ್ಕು ಪಟ್ಟಾಗುತ್ತದೆ. ಆದ್ದರಿಂದ ಜೋರು ಗಾಳಿಯಲ್ಲಿ ಎಲ್ಲವೂ ಚಿಕ್ಕದಾಗಬೇಕು: ನನ್ನ ಹಾಯಿ 5 ಚದರ ಮೀಟರ್, ಹಲಗೆ 80 ಲೀಟರಿನದು (ಅದರ ಗಾತ್ರವನ್ನು ಲೀಟರಿನಲ್ಲಿ ಹೇಳುತ್ತಾರೆ), ಫಿನ್ 28 ಸೆಂಟಿಮೀಟರ್. ಹಾಯಿ ಕಟ್ಟುವಾಗ ಕಂಬದ ಬುಡಕ್ಕೆ ಎಳೆಯುವ ಹಗ್ಗವನ್ನು ನಾನು ಮೊದಲ ವರ್ಷ ಯಾವಾಗಲೂ ಕಡಿಮೆ ಎಳೆಯುತ್ತಿದ್ದೆ. ಹರಿದುಹೋದೀತೆಂಬ ಭಯ. ಅದನ್ನು ನೆಲದ ಮೇಲೆ ಕುಳಿತು, ಕಂಬಕ್ಕೆ ಕಾಲು ಕೊಟ್ಟು, ಹಾಯಿಯ ಮೇಲ್ತುದಿಯ ಹಿಂದಿನ ಅಂಚು ಜೋತು ಬೀಳುವವರೆಗೆ ಎಳೆಯಬೇಕು. ಬಿಗಿಯಾಗಿ ಕಟ್ಟಿದ ಹಾಯಿಯ ಮೇಲ್ಭಾಗ ಸಡಿಲವಾಗುವುದು ನೋಡಲು ವಿಚಿತ್ರವೆನಿಸುತ್ತದೆ, ಆದರೆ ಬಿರುಸಾದ ಗಾಳಿ ಒಮ್ಮೆಲೇ ನುಗ್ಗಿದಾಗ ಆ ಸಡಿಲಾದ ತುದಿಯಿಂದಲೇ ಹೆಚ್ಚಿನದು ಚೆಲ್ಲಿಹೋಗುತ್ತದೆ, ನಮ್ಮ ತೋಳಿಗೆ ಬರುವುದಿಲ್ಲ.

ತೋಳು ಎಂದೆ, ನಿಜವಾಗಿ ತೋಳಿನ ಕೆಲಸ ಇಲ್ಲಿ ಬಹಳ ಸ್ವಲ್ಪ. ಸೊಂಟಕ್ಕೆ ಹಾರ್ನೆಸ್ ಎಂಬ ಪಟ್ಟಿ ಕಟ್ಟಿಕೊಂಡು, ಅದರ ಕೊಕ್ಕೆಯನ್ನು ಬೂಮಿನ ಹಗ್ಗಕ್ಕೆ ಸಿಕ್ಕಿಸಿ, ಇಡೀ ಮೈಭಾರವನ್ನು ಅದಕ್ಕೆ ನೇತುಹಾಕಬೇಕು. ಹೀಗಾಗಿ ಈ ಆಟದಲ್ಲಿ ತೂಕವಿದ್ದವರಿಗೇ ಅನುಕೂಲ. ವೇಗದ ಓಟದವರಲ್ಲಿ ಮೈಗೆ ಭಾರದ ಅಂಗಿ ತೊಟ್ಟುಕೊಳ್ಳುವವರಿದ್ದಾರೆ. 58 ಕೆ.ಜಿ.ಯ ನಾನು ಇಲ್ಲಿಯ ಆರಡಿ ಆಳುಗಳ ನಡುವೆ ತರಗೆಲೆಯಂತೆ. ಒಣಗಿಹೋಗಿದ್ದೀಯ, ಎರಡು ಮುದ್ದೆ ಹೆಚ್ಚಿಗೆ ಉಣ್ಣು ಎಂದು ಅವ್ವ ಹೇಳುತ್ತಿದ್ದುದರಲ್ಲಿ ಇಷ್ಟು ಶಾಸ್ತ್ರವಿದೆಯೆಂದು ಗೊತ್ತಿದ್ದರೆ ಆಗಲೇ ಕೇಳುತ್ತಿದ್ದೆ.

ಕಟ್ಟೆಯ ಮಗ್ಗುಲಲ್ಲಿ ನೀರು ನುಣುಪಾಗಿರುತ್ತದೆ, ಏಕೆಂದರೆ ಪಡುವಣ ಗಾಳಿ ಕಟ್ಟೆಯನ್ನು ಓರೆಯಾಗಿ ದಾಟಿ ಆಗಷ್ಟೇ ನೀರಿಗೆ ಇಳಿದಿರುತ್ತದೆ. ನೀರಿನ ಮೇಲೆ ಗಾಳಿ ದೂರ ಓಡಿದಷ್ಟೂ ಅಲೆ ಬೆಳೆಯುತ್ತದೆ. ನಾಲ್ಕುನೂರು, ಐನೂರು ಮೀಟರ್ ಆಚೆ ಹೋದರೆ ಮೊಳಕಾಲೆತ್ತರದ, ಒಂದರ ಬೆನ್ನಿಗೊಂದು ಒತ್ತಿಕೊಂಡ, ಯಾವ ಕ್ರಮವೂ ಇಲ್ಲದ ಅಲೆಗಳು. ಇವರು ಅದನ್ನು ಚಾಪ್ ಎನ್ನುತ್ತಾರೆ. ಸಮುದ್ರದ ದೊಡ್ಡ ಅಲೆಯಾದರೆ ಏರಿ ಇಳಿಯಲು ಸಮಯ ಕೊಡುತ್ತದೆ, ಇದು ಕೊಡುವುದಿಲ್ಲ. ಉತ್ತ ಹೊಲದ ಸಾಲುಗಳ ಮೇಲೆ ಖಾಲಿ ಗಾಡಿಯನ್ನು ಅಡ್ಡಡ್ಡಲಾಗಿ ಓಡಿಸಿದರೆ ಹೇಗೋ ಹಾಗೆ. ಜಗತ್ತಿನಲ್ಲಿ ಅತಿ ವೇಗವಾಗಿ ಹೋದವರು ಈ ಕಾಟವೇ ಬೇಡವೆಂದು ನುಣುಪಾದ ನೀರನ್ನು ಹುಡುಕಿಕೊಂಡು ಹೋಗುತ್ತಾರೆ. 2015ರಲ್ಲಿ ಫ್ರಾನ್ಸಿನ ಆಂಟ್ವಾನ್ ಆಲ್ಬೊ ಅವರು 500 ಮೀಟರನ್ನು ಸರಾಸರಿ 53.27 ನಾಟ್ ವೇಗದಲ್ಲಿ, ಎಂದರೆ ಗಂಟೆಗೆ 98 ಕಿ.ಮೀ. ಮೀರಿ ಓಡಿಸಿದ್ದು ನಮೀಬಿಯಾದ ಲೂಡೆರಿಟ್ಜ್‌ನಲ್ಲಿ ಇದಕ್ಕೆಂದೇ ತೋಡಿದ ಕಿರಿದಾದ ಕಾಲುವೆಯಲ್ಲಿ. ನನಗೆ ಕಾಲುವೆ ತೋಡಿಕೊಡುವವರಿಲ್ಲ, ನಮ್ಮ ವಿಶ್ವೇಶ್ವರಯ್ಯ ನಾಲೆಯಲ್ಲಿ ಓಡಿಸಲು ಬಿಡುವವರೂ ಇಲ್ಲ.

ಚಾಪಿನಲ್ಲಿ ಮೊದಲ ಎರಡು ವರ್ಷ ನಾನು ಕಲಿತದ್ದೆಲ್ಲ ತಲೆಕೆಳಗು. ಹಲಗೆ ಕುಣಿಯತೊಡಗಿದ ಕೂಡಲೇ ಮೈ ಸೆಟೆದು ನಿಲ್ಲುತ್ತಿದ್ದೆ, ಹಿಂಗಾಲಿನ ಮೇಲೆ ಭಾರ ಬಿಡುತ್ತಿದ್ದೆ, ಭಯವಾದಾಗ ಹಿಂದಿನ ಕೈಯನ್ನು ಸಡಿಲಿಸಿ ಹಾಯಿಯನ್ನು ತೆರೆಯುತ್ತಿದ್ದೆ. ಇಲ್ಲಿ ನಮ್ಮ ಜೊತೆ ಆಡುವವರಲ್ಲಿ ಅರವತ್ತು ದಾಟಿದ ಒಬ್ಬ ಹಿರಿಯರಿದ್ದಾರೆ, ವೃತ್ತಿಯಿಂದ ಬಡಗಿ. ದಡದಲ್ಲಿ ನಿಂತು ನೋಡಿ ಒಂದೇ ಮಾತು ಹೇಳಿದರು: ನೀನು ಹಲಗೆಯ ಮೂತಿಯನ್ನು ಎತ್ತುತ್ತಿದ್ದೀಯ, ಅದರಡಿ ಗಾಳಿ ಹೊಗುತ್ತಿದೆ. ಅಪ್ಪಾಜಿ, ಅಂದು ನನಗೆ ನೆನಪಾದದ್ದು ನಮ್ಮ ಕಬ್ಬಿನ ಗಾಡಿ. ಹೇರು ಹಿಂದಕ್ಕಾದರೆ ನೊಗ ಕಟ್ಟಿದ ಮುಂದಿನ ಮರ, ಆ ಮೂಕಿ, ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತದೆ ಎಂದು ನೀವು ಹೇರಿದ ಕಬ್ಬನ್ನು ಇಳಿಸಿ ಮತ್ತೆ ಹೇರಿಸುತ್ತಿದ್ದಿರಿ, ಆಳುಗಳು ಗೊಣಗುತ್ತಿದ್ದರು. ಇಲ್ಲಿಯೂ ಮೂಕಿಭಾರ ಬೇಕು. ಆ ಭಾರವನ್ನು ಕಾಲಿನಿಂದ ಹಾಕುವುದಲ್ಲ. ಹಾರ್ನೆಸ್ಸಿಗೆ ಪೂರ್ತಿ ಜೋತುಬಿದ್ದರೆ ನನ್ನ ತೂಕ ಬೂಮಿನಿಂದ ಕಂಬಕ್ಕೆ, ಕಂಬದಿಂದ ಅದರ ಬುಡಕ್ಕೆ ಇಳಿದು ಹಲಗೆಯ ಮುಂಭಾಗವನ್ನು ಒತ್ತಿ ಹಿಡಿಯುತ್ತದೆ; ಹೇರು ತುಂಬಿದ ಗಾಡಿ ಖಾಲಿ ಗಾಡಿಯಷ್ಟು ಎಗರುವುದಿಲ್ಲ. ಮುಂದಿನ ಕಾಲು ನೀಳವಾಗಿ, ಹಿಂದಿನ ಮೊಳಕಾಲು ಮೆತ್ತಗೆ ಮಡಿಚಿಕೊಂಡು ಅಲೆಯನ್ನು ನುಂಗಬೇಕು. ಕಣ್ಣು ಪಾದದ ಬಳಿ ಇರಬಾರದು, ಮೂವತ್ತು ಮೀಟರ್ ಮುಂದಿರಬೇಕು.

ಒಂದು ಓಟ ಹೇಗಿರುತ್ತದೆಂದು ಹೇಳುತ್ತೇನೆ. ಗಾಳಿಯ ಬಿರುಸು ಬರುವುದು ಮೊದಲು ಕಣ್ಣಿಗೆ ಕಾಣುತ್ತದೆ: ನೀರಿನ ಮೇಲೆ ಕಪ್ಪನೆಯ ಒಂದು ಕಲೆ ನಮ್ಮತ್ತ ಹರಿದು ಬರುತ್ತದೆ. ಅದು ತಾಕುವ ಮುನ್ನ ನಾನು ಕುಸಿದು ಕುಳಿತಂತೆ ಜೋತುಬೀಳುತ್ತೇನೆ. ತಾಕಿದ ಕ್ಷಣಕ್ಕೆ ಗಾಳಿಯೊಡನೆ ಹಗ್ಗಜಗ್ಗಾಟಕ್ಕೆ ನಿಲ್ಲದೆ, ಹಲಗೆಯನ್ನು ಅದು ಹೋಗುವ ಕಡೆಗೇ ಸ್ವಲ್ಪ ತಿರುಗಿಸಿಕೊಡುತ್ತೇನೆ, ಗಾಳಿ ಹಿಂದಿನಿಂದ ಓರೆಯಾಗಿ ಬೀಸುವಂತೆ. ಅತಿ ಹೆಚ್ಚು ವೇಗ ಸಿಗುವುದು ಆ ಓರೆಯಲ್ಲೇ. ಅಲೆಗಳನ್ನು ಎದುರಿಸಿ ಏರುವ ಬದಲು ಅವುಗಳ ಬೆನ್ನಿನ ಮೇಲೆ ಓಡುವುದೂ ಆಗ ಸಾಧ್ಯ. ಹಿಂದಿನ ಕೈ ಹಾಯಿಯನ್ನು ಎಳೆದು ಹಲಗೆಯ ಅಂಚಿಗೆ ಮುಚ್ಚುತ್ತದೆ. ಅಡಿಯಿಂದ ಬರುವ ದಡದಡ ಸದ್ದು ಒತ್ತೊತ್ತಾಗುತ್ತ ಹೋಗಿ, ಕೊನೆಗೆ ಅಲೆಗಳು ಬೇರೆ ಬೇರೆಯಾಗಿ ಎಣಿಕೆಗೆ ಸಿಗದೆ ಮರಳುಕಾಗದ ಉಜ್ಜಿದಂತೆ ಒಂದೇ ಗರಗರ ಆಗಿಬಿಡುತ್ತದೆ. ಆಗ ಆಶ್ಚರ್ಯವೆಂದರೆ ಬೂಮ್ ಹಗುರವಾಗುತ್ತದೆ. ವೇಗ ಹೆಚ್ಚಿದಂತೆ ನಮ್ಮ ಓಟದ ಗಾಳಿಯೂ ಬೀಸುವ ಗಾಳಿಯೂ ಕೂಡಿ ಮುಂದಿನಿಂದ ಬರತೊಡಗುವುದರಿಂದ ಹಾಯಿಯ ಎಳೆತ ಪಕ್ಕಕ್ಕೆ ಕಡಿಮೆಯಾಗುತ್ತದೆ. ಕೈಗೆ ಕಟ್ಟಿದ ಜಿಪಿಎಸ್ ಗಡಿಯಾರ ಚಾಪಿನಲ್ಲಿ 27 ನಾಟ್, ಅಂದರೆ 50 ಕಿ.ಮೀ. ತೋರಿಸಿದ ದಿನ ನಾನು ಕಾರಿನಲ್ಲಿ ಒಬ್ಬಳೇ ಕುಳಿತು ನಕ್ಕಿದ್ದೇನೆ. ಮಂಡ್ಯದ ಬಸ್ಸು ಅದಕ್ಕಿಂತ ಜೋರಾಗಿ ಹೋಗುತ್ತದೆಂದು ತಮ್ಮ ಹೇಳಿದ. ಅವನು ಒಮ್ಮೆ ಬಸ್ಸಿನ ಅಡಿಯಲ್ಲಿ, ನೆಲದಿಂದ ಒಂದು ಗೇಣು ಮೇಲೆ ಬೆನ್ನು ಇಟ್ಟು ಹೋಗಿ ಆಮೇಲೆ ಹೇಳಲಿ.

ಪೆಟ್ಟಾದದ್ದು ಹೇಗೆಂದು ಈಗ ನಿಮಗೆ ಅರ್ಥವಾಗುತ್ತದೆ. ಸೆಪ್ಟೆಂಬರಿನ ಒಂದು ಶನಿವಾರ, ಗಾಳಿ ಬೋಫೋರ್ಟ್ ಎಂಬ ಗಾಳಿಯ ಅಳತೆಯಲ್ಲಿ 7, ಅಂದರೆ 30 ನಾಟ್ ಆಸುಪಾಸು. ಚೆನ್ನಾಗಿಯೇ ಓಡುತ್ತಿದ್ದೆ. ಉಳಿದವಕ್ಕಿಂತ ದೊಡ್ಡದಾದ ಒಂದು ಅಲೆ ಎದುರಿಗೆ ಕಂಡಿತು, ಹಳೆಯ ಭಯ ಬಂತು, ಎದ್ದು ನಿಂತು ಹಾಯಿ ತೆರೆದೆ. ಹಲಗೆಯ ಮೂತಿ ಆ ಅಲೆಗೆ ಬಡಿದು ವೇಗ ಒಮ್ಮೆಲೇ ಇಳಿಯಿತು. ವೇಗ ಇಳಿದ ಕೂಡಲೇ ಮುಂದಿನಿಂದ ಬರುತ್ತಿದ್ದ ಗಾಳಿ ಪಕ್ಕಕ್ಕೆ, ಹಿಂದಕ್ಕೆ ತಿರುಗಿ ತನ್ನ ಪೂರ್ತಿ ಭಾರವನ್ನು ಹಾಯಿಯ ಮೇಲೆ ಹಾಕಿತು. ಕೊಕ್ಕೆ ಇನ್ನೂ ಹಗ್ಗದಲ್ಲೇ ಇತ್ತು. ಕವಣೆಯಿಂದ ಕಲ್ಲು ಬೀಸಿದಂತೆ ಅದು ನನ್ನನ್ನು ಮುಂದಕ್ಕೆ ಎಸೆಯಿತು, ಪಕ್ಕೆ ಬೂಮಿಗೆ ಬಡಿಯಿತು. ಜೋರಾಗಿ ಹೋದದ್ದಕ್ಕೆ ಬಿದ್ದೆನೆಂದು ನೀವು ತಿಳಿದಿದ್ದೀರಿ. ಅರ್ಧ ದಾರಿಯಲ್ಲಿ ಮನಸ್ಸು ಬದಲಿಸಿದ್ದಕ್ಕೆ ಬಿದ್ದೆ. ಆದರೂ ಆ ದಿನ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳುತ್ತೇನೆ: ಎರಡು ಗಂಟೆ ಬಿಡದೆ ಆಡಿ ತೊಡೆ ನಡುಗುತ್ತಿತ್ತು, ಆಗಲೇ ದಡಕ್ಕೆ ಬರಬೇಕಿತ್ತು. ದಣಿದ ಕಾಲು ಅಲೆಯನ್ನು ನುಂಗುವುದಿಲ್ಲ.

ಅವ್ವನಿಗೆ: ತಲೆಗೆ ಹೆಲ್ಮೆಟ್, ಎದೆಗೆ ದಪ್ಪನೆಯ ಕವಚ ಈಗ ಪ್ರತಿ ಸಲವೂ ಹಾಕುತ್ತೇನೆ. ನೀರು ಹದಿನೈದು ಡಿಗ್ರಿಯ ಆಸುಪಾಸಿನಲ್ಲಿದೆ, ಮೈತುಂಬ ರಬ್ಬರಿನ ಉಡುಪಿದೆ. ಒಬ್ಬಳೇ ಇಳಿಯುವುದಿಲ್ಲ. ಬಿದ್ದರೆ ಏನೇ ಆಗಲಿ ಹಲಗೆಯನ್ನು ಬಿಟ್ಟು ಈಜುವುದಿಲ್ಲ, ಏಕೆಂದರೆ ಅದು ಮುಳುಗುವುದಿಲ್ಲ, ನಾನು ದಣಿಯಬಹುದು.

ಅಪ್ಪಾಜಿ, ನಿಮ್ಮನ್ನು ಒಂದು ಮಾತು ಕೇಳಬೇಕು. ನಾನು ಹುಟ್ಟುವ ಮೊದಲು ನೀವು ಜೋಡೆತ್ತಿನ ಗಾಡಿ ಓಟಕ್ಕೆ ಹೋಗುತ್ತಿದ್ದಿರೆಂದೂ, ಒಮ್ಮೆ ಉರುಳಿ ಬಿದ್ದು ಅಜ್ಜಿಗೆ ತಿಂಗಳುಗಟ್ಟಲೆ ಹೇಳದೆ ಮುಚ್ಚಿಟ್ಟಿದ್ದಿರೆಂದೂ ಅವ್ವ ಹೇಳಿದ್ದಾಳೆ. ಅದನ್ನು ನೆನಪಿಸಿ ವಾದ ಮಾಡುವ ಉದ್ದೇಶ ನನಗಿಲ್ಲ. ಓಟದ ನಡುವೆ ಚಕ್ರ ಹಳ್ಳಕ್ಕೆ ಇಳಿಯುತ್ತದೆಂದು ಕಂಡಾಗ ನೀವು ಕಾಲನ್ನು ಎಲ್ಲಿಗೆ ಒತ್ತುತ್ತಿದ್ದಿರಿ, ಹಗ್ಗವನ್ನು ಸಡಿಲ ಬಿಡುತ್ತಿದ್ದಿರೋ ಇಲ್ಲವೇ ಬಿಗಿ ಹಿಡಿಯುತ್ತಿದ್ದಿರೋ, ಅದನ್ನು ತಮ್ಮನ ಕೈಯಲ್ಲಿ ಬರೆಸಿ ಕಳುಹಿಸಿ. ಮುಂದಿನ ವಾರ ಮತ್ತೆ ಪಡುವಣ ಗಾಳಿ ಇದೆ.

ನಿಮ್ಮ ಪ್ರೀತಿಯ ಮಗಳು,
ಪುಟ್ಟಿ