168 ದಿನ ಮಾತ್ರೆ, 150 ಕೀರ್ತನೆ: ನಿಮಗೆಲ್ಲ ನನ್ನ ವಂದನೆ

ಎಲ್ಲರಿಗೂ ಯೇಸುವಿನ ನಾಮದಲ್ಲಿ ವಂದನೆಗಳು. ಮೂರು ದಿನದ ಹಿಂದೆ ನನ್ನ ಟಿಬಿ ಮಾತ್ರೆ ಮುಗಿದವು. ಕಫ ಪರೀಕ್ಷೆಯಲ್ಲಿ ಏನೂ ಇಲ್ಲ ಅಂತ ಬಂದಿದೆ. ಬೀದರಿನ ಮಂಗಲಪೇಟೆಯಲ್ಲಿ ಆರು ತಿಂಗಳು ನನ್ನ ಹೊಲಿಗೆ ಮಿಷನ್ ಸದ್ದು ಯಾಕೆ ಕೇಳಲಿಲ್ಲ ಅಂತ ಈಗ ಗೊತ್ತಾಯ್ತಲ್ವಾ? ಇಷ್ಟು ದಿನ ಮುಚ್ಚಿಟ್ಟಿದ್ದೆ. ನಾಚಿಕೆ, ಮತ್ತೇನು.

ಮೊದಲ ವಂದನೆ ನಮ್ಮ ಆಶಾ ಕಾರ್ಯಕರ್ತೆ ಅಕ್ಕನಿಗೆ. ಎರಡು ತಿಂಗಳು ಒಬ್ಬ ಡಾಕ್ಟರ್ ಬರೀ ಕೆಮ್ಮಿನ ಔಷಧಿ ಕೊಟ್ಟು ಕಳಿಸುತ್ತಿದ್ದರು. ಡಬ್ಬಿ ಕೈಗಿಟ್ಟು "ನಾಳೆ ಬೆಳಿಗ್ಗೆ ಕಫ ಕೊಡಲೇಬೇಕು" ಅಂತ ಬೆನ್ನು ಹತ್ತಿದ್ದು ಈ ಅಕ್ಕ. ಆಗ ನನ್ನ ತೂಕ 43 ಕಿಲೋ. ದಿನಕ್ಕೆ ಮೂರು ಮಾತ್ರೆ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದ್ದು ನೋಡಿ ಅತ್ತೇಬಿಟ್ಟೆ, ಅದು ಮಾತ್ರೆಯ ಬಣ್ಣ ಅಂತ ಸಮಾಧಾನ ಮಾಡಿದ್ದೂ ಅವರೇ.

ಮಾತ್ರೆ ನುಂಗಿದ ಮೇಲೆ ಬೈಬಲಿನ 150 ಕೀರ್ತನೆಗಳಲ್ಲಿ ದಿನಕ್ಕೊಂದು ಓದೋಣ ಅಂದಿದ್ದು ನಮ್ಮತ್ತೆ. ಎರಡು ವಚನ ಓದುವಷ್ಟರಲ್ಲಿ ನನಗೆ ಕೆಮ್ಮು. ಹಾಗಾಗಿ ಮಗಳು ಓದಿದಳು. ಮೊದಲ ಕೆಲವು ವಾರ ಮಾಸ್ಕ್ ಹಾಕಿಕೊಂಡು ಹೊಸ್ತಿಲ ಆಚೆ ಕೂತು, ಅತ್ತೆಯ ಹಳೇ ಬೈಬಲ್ ತೊಡೆ ಮೇಲಿಟ್ಟು, ಅಕ್ಷರದ ಕೆಳಗೆ ಬೆರಳು ಸರಿಸುತ್ತಾ ಓದುತ್ತಿದ್ದಳು. ಇಂಗ್ಲಿಷ್ ಮೀಡಿಯಂ ಹುಡುಗಿ, ಒತ್ತಕ್ಷರ ಬಂದಲ್ಲೆಲ್ಲ ಗಾಡಿ ನಿಂತುಬಿಡುತ್ತಿತ್ತು.

88ನೇ ಕೀರ್ತನೆ ಬಂದ ದಿನ ನೆನಪಿದೆ. ಅದು ಕತ್ತಲೆಯಲ್ಲೇ ಮುಗಿಯುತ್ತದೆ, ಸಮಾಧಾನದ ಒಂದು ಮಾತೂ ಇಲ್ಲ. ಮಗಳು ಹಾಳೆ ತಿರುವಿ ನೋಡಿ "ಮಮ್ಮಿ, ಇಷ್ಟೇನಾ?" ಅಂದಳು. ನಿಜ ಹೇಳ್ತೀನಿ, ಆವತ್ತು ನನ್ನಲ್ಲಿ ವಿಶ್ವಾಸ ಅನ್ನೋದು ಚೂರೂ ಇರಲಿಲ್ಲ, ವಾಂತಿ, ಕೈಕಾಲು ಉರಿ, ಬಾಡಿಗೆ ಬೇರೆ ಬಾಕಿ. ದೇವರ ಹತ್ತಿರ ಹೀಗೂ ಮಾತಾಡಬಹುದಾ ಅನ್ನಿಸಿ ಇನ್ನೊಂದು ಸಲ ಓದು ಅಂದೆ.

"ಪ್ರಾರ್ಥನೆ ಇರುವಾಗ ಮಾತ್ರೆ ಯಾಕೆ" ಅಂದವರೂ ಇದ್ದರು. ನಮ್ಮ ಪಾಸ್ಟರ್ ಅಯ್ಯನವರು ಮನೆಗೆ ಬಂದಾಗ ಮೊದಲು ಕೇಳಿದ್ದೇ "ಇವತ್ತಿನ ಮಾತ್ರೆ ಆಯ್ತೇನಮ್ಮ?" ಅಂತ. ಆಮೇಲೆ ಪ್ರಾರ್ಥನೆ. ಅದಕ್ಕೇ ಅವರ ಮೇಲೆ ನನಗೆ ಗೌರವ ಜಾಸ್ತಿ. ಮೊಟ್ಟೆ ತಂದುಕೊಟ್ಟ ಸಭೆಯ ಅಕ್ಕಂದಿರಿಗೆ, ಏನಾಗಿದೆ ಅಂತ ಒಂದು ದಿನವೂ ಕೇಳದೆ ಹಾಲು ಇಟ್ಟು ಹೋಗುತ್ತಿದ್ದ ಪಕ್ಕದ ಮನೆ ಚಾಚಾಗೆ ಏನು ಹೇಳಲಿ.

119ನೇ ಕೀರ್ತನೆಯಲ್ಲಿ 176 ವಚನ. ಮಗಳು ಗೋಳಾಡಿದಳು, ಎಂಟೆಂಟು ವಚನದಂತೆ 22 ದಿನ ಮಾಡಿದೆವು. ಅದಕ್ಕೇ 168ನೇ ದಿನ ಮಾತ್ರೆ ಮುಗಿದಾಗ ನಾವಿನ್ನೂ 147ರಲ್ಲಿದ್ದೆವು, ಅದೇ, ಗಾಯ ಕಟ್ಟುವ ದೇವರ ಕೀರ್ತನೆ. "ಮಾತ್ರೆನೇ ಇಲ್ವಲ್ಲ, ಇನ್ನೂ ಓದಬೇಕಾ?" ಅಂದಳು. ಉಳಿದ ಮೂರನ್ನು ನಾನೇ ಓದಿದೆ, ಕೆಮ್ಮದೆ. ಇವತ್ತು 150ರಲ್ಲಿ ತಾಳ ಬಂದಾಗ ಅವಳು ಸ್ಟೀಲ್ ತಟ್ಟೆ ಬಡಿದಳು, ಚಾಚಾ ಗೋಡೆ ಆಚೆಯಿಂದ "ಕ್ಯಾ ಹುವಾ ಬೇಟಿ?" ಅಂದರು.

ಬ್ಲೌಸ್ ಪೀಸ್ ಕೊಟ್ಟು ಆರು ತಿಂಗಳು ಸುಮ್ನೆ ಕಾದ ಅಕ್ಕಂದಿರೇ, ನಿಮಗೂ ವಂದನೆ. ಮಿಷನ್‌ಗೆ ಎಣ್ಣೆ ಹಾಕಿದ್ದೇನೆ. ಸೋಮವಾರ ಬನ್ನಿ, ಅಳತೆ ಮಾತ್ರ ಇನ್ನೊಮ್ಮೆ ಕೊಡಬೇಕು, ಚೀಟಿ ಕಳೆದುಹೋಗಿದೆ.